ಆಸ್ರಿಗೆ ಎಂತ ಬೇಕ್?

ಮೇ ತಿಂಗಳ ಮಧ್ಯಾಹ್ನ. ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ರಾತ್ರಿ ಬಸ್ಸು ಹತ್ತಿ ಬಂದ ನಂಟರು ಜಗಲಿಯಲ್ಲಿ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದಾರೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಯಾವ ಮನೆಗೇ ಹೋಗಿ, ಕುಶಲ ಪ್ರಶ್ನೆಗೂ ಮೊದಲು ಬರುವ ಮಾತು ಒಂದೇ: "ಆಸ್ರಿಗೆ ಎಂತ ಬೇಕ್?" ಆಸರು ಎಂದರೆ ಬಾಯಾರಿಕೆ, ದಣಿವು. ಅದನ್ನು ತಣಿಸಲು ಕೊಡುವುದೆಲ್ಲ ಆಸ್ರಿ. ಒಂದು ಕಾಲದಲ್ಲಿ ಈ ಪ್ರಶ್ನೆಗೆ ಕಾಯುವ ಪದ್ಧತಿಯೂ ಇರಲಿಲ್ಲ. ಒಂದು ಚೊಂಬು ನೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ತಾನಾಗಿಯೇ ಬರುತ್ತಿತ್ತು. ಈಗ ಪ್ರಶ್ನೆ ಮಾತ್ರ ಉಳಿದಿದೆ. ಉತ್ತರ ಬಹುಪಾಲು ಮನೆಗಳಲ್ಲಿ ಫ್ರಿಜ್ಜಿನ ಬಾಗಿಲಲ್ಲಿ ನಿಂತಿರುವ ಎರಡು ಲೀಟರಿನ ಬಾಟಲಿ.

ಪಟ್ಟಣದ ದೊಡ್ಡ ಹೋಟೆಲುಗಳಲ್ಲಿ ಇದೇ ಕೆಲಸಕ್ಕೆ ಕಾಕ್‌ಟೇಲ್, ಮಾಕ್‌ಟೇಲ್ ಎಂಬ ಹೆಸರುಗಳಿವೆ. ಮೊದಲನೆಯದರಲ್ಲಿ ಮದ್ಯ ಇರುತ್ತದೆ, ಎರಡನೆಯದರಲ್ಲಿ ಇರುವುದಿಲ್ಲ. ಎರಡರ ತತ್ವ ಒಂದೇ: ಒಂದು ಹುಳಿ, ಒಂದು ಸಿಹಿ, ಒಂದು ಖಾರ ಅಥವಾ ಕಹಿ, ಒಂದು ಪರಿಮಳ, ಇವನ್ನು ಅಳತೆಯಲ್ಲಿ ಬೆರೆಸುವುದು. ಪುನರ್ಪುಳಿ ರಸಕ್ಕೆ ಸೋಡಾ ಸುರಿದು, ಲೋಟದ ಅಂಚಿಗೆ ಉಪ್ಪು-ಮೆಣಸಿನಪುಡಿ ಸವರಿ, ಪುದೀನ ಎಲೆ ಸಿಕ್ಕಿಸಿ ಕೊಟ್ಟರೆ ಅದು ಪಂಚತಾರಾ ಪಾನೀಯ. ಅದೇ ರಸಕ್ಕೆ ಬಾವಿ ನೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ ಹಾಕಿ ಕೊಟ್ಟರೆ ಅಜ್ಜಿ ಮಾಡಿದ ಶರಬತ್ತು. ರಾಮನವಮಿಯ ಪಾನಕದಲ್ಲಿ ಬೆಲ್ಲ, ನಿಂಬೆ, ಕಾಳುಮೆಣಸು, ಏಲಕ್ಕಿ ಸೇರುವುದೂ ಇದೇ ಲೆಕ್ಕದಲ್ಲಿ.

ಕರಾವಳಿಯ ಸೆಕೆಗೆ ತನ್ನದೇ ಆದ ಸ್ವಭಾವವಿದೆ. ಬಳ್ಳಾರಿಯಲ್ಲಿ ೪೦ ಡಿಗ್ರಿ ಇದ್ದಾಗ ಆಗುವ ಸಂಕಟಕ್ಕೂ ಗಂಗೊಳ್ಳಿಯಲ್ಲಿ ೩೪ ಡಿಗ್ರಿ ಇದ್ದಾಗ ಆಗುವ ಸಂಕಟಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಒಂದು ಗ್ರಾಂ ಬೆವರು ಆವಿಯಾಗುವಾಗ ಚರ್ಮದಿಂದ ಸುಮಾರು ೨,೪೦೦ ಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆವಿಯಾಗದೆ ಬರಿದೇ ಹರಿದುಹೋಗುತ್ತದೆ. ಮೈ ತಣಿಯುವುದಿಲ್ಲ, ನೀರು ಮತ್ತು ಉಪ್ಪು ಮಾತ್ರ ಖಾಲಿಯಾಗುತ್ತದೆ. ಮಣ್ಣಿನ ಹೂಜಿಯ ನೀರು ಬಯಲುಸೀಮೆಯಲ್ಲಿ ತಣ್ಣಗಾದಷ್ಟು ಕಡಲ ತೀರದಲ್ಲಿ ಆಗದಿರುವುದಕ್ಕೂ ಇದೇ ಕಾರಣ. ಆದ್ದರಿಂದ ಇಲ್ಲಿ ಬಂದವರಿಗೆ ಬೇಕಾದದ್ದು ತಂಪು ಮಾತ್ರವಲ್ಲ. ನೀರು, ಸ್ವಲ್ಪ ಉಪ್ಪು, ಸ್ವಲ್ಪ ಸಿಹಿ.

ಈ ಮೂರರ ಕೂಟದ ಮಹತ್ವವನ್ನು ಜಗತ್ತು ಅರಿತದ್ದು ತೀರ ಈಚೆಗೆ. ೧೯೭೧ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಸಕ್ಕರೆಯ ಅಂಶ ಮತ್ತು ಉಪ್ಪು ಕರಗಿಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸತೊಡಗಿದರು. ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ನಮ್ಮ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಹೋಗುವ ಬಾಗಿಲುಗಳಿವೆ. ಅವು ಹೋದಲ್ಲಿಗೆ ನೀರು ಹಿಂಬಾಲಿಸುತ್ತದೆ. ಬರೀ ಬೆಲ್ಲ-ನೀರಿನಲ್ಲಿ ಉಪ್ಪಿನ ಪಾಲು ಸಾಲದು. ಅಜ್ಜಿಯಂದಿರು ಪಾನಕಕ್ಕೂ ಚಿಟಿಕೆ ಉಪ್ಪು ಹಾಕುತ್ತಿದ್ದುದು ರುಚಿಗೇ ಇರಬಹುದು, ಆದರೆ ಕೆಲಸ ಸರಿಯಾಗಿಯೇ ಆಗುತ್ತಿತ್ತು. ವಾಂತಿ-ಭೇದಿಯಾದ ಮಗುವಿಗೆ ಮಾತ್ರ ಅಂದಾಜು ನಡೆಯುವುದಿಲ್ಲ. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಸಮತಟ್ಟಾದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಎಂದರೆ ಐದು ಮಿಲಿಲೀಟರಿನ ಚಹಾ ಚಮಚ. ಪೊಟ್ಟಣದ ಓಆರ್‌ಎಸ್ ಸಿಕ್ಕಿದರೆ ಅದೇ ಒಳ್ಳೆಯದು.

ಪುನರ್ಪುಳಿಯ ಪಾಠ

ಈ ಸೀಮೆಯ ಪಾನೀಯಗಳ ರಾಜ ಪುನರ್ಪುಳಿ. ಬ್ರಹ್ಮಾವರದ ಕಡೆ ಈ ಹೆಸರು. ಬೈಂದೂರು ದಾಟಿ ಭಟ್ಕಳದತ್ತ ಹೋದಂತೆ ಅದೇ ಮುರುಗಲು. ಕೊಲ್ಲೂರಿನ ಕಾಡಿನಂಚಿನಿಂದ ಹಿಡಿದು ಮನೆಯ ಹಿತ್ತಿಲವರೆಗೆ ಮರಗಳಿವೆ. ಏಪ್ರಿಲ್-ಮೇಯಲ್ಲಿ ಹಣ್ಣು ಕೆಂಪೇರುತ್ತದೆ. ಮಳೆ ಬಿದ್ದರೆ ಸಿಪ್ಪೆ ಒಣಗುವುದಿಲ್ಲ, ಹಣ್ಣು ಕೊಳೆಯುತ್ತದೆ. ಹಾಗಾಗಿ ಇರುವುದು ಕೆಲವೇ ವಾರಗಳ ಅವಕಾಶ. ಶಾಲೆಗೆ ರಜೆ ಇರುವುದೂ ಅದೇ ದಿನಗಳಲ್ಲಿ. ಹಣ್ಣು ಹೆಕ್ಕುವುದಕ್ಕೆ ಮಕ್ಕಳಿಗಿಂತ ತಕ್ಕವರು ಬೇರೆ ಇಲ್ಲ.

ಹಣ್ಣನ್ನು ತೊಳೆದು, ನೀರು ಪೂರ್ತಿ ಒರೆಸಿ, ಎರಡು ಹೋಳು ಮಾಡಿ ಬೀಜ ತೆಗೆಯಬೇಕು. ಬಟ್ಟಲಿನಂತಿರುವ ಸಿಪ್ಪೆಗೆ ಸಕ್ಕರೆ ತುಂಬಿ ಭರಣಿಯಲ್ಲೋ ಗಾಜಿನ ಜಾಡಿಯಲ್ಲೋ ಪದರ ಪದರವಾಗಿ ಇಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ ಒಂದು ವಾರ ಬಿಸಿಲಿಗಿಡುವುದು. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ. ಒಂದು ಹನಿ ನೀರು ಹಾಕದಿದ್ದರೂ ಮರುದಿನವೇ ತಳದಲ್ಲಿ ಕಡುಗೆಂಪು ರಸ ನಿಂತಿರುತ್ತದೆ. ಶಾಲೆಯ ಪುಸ್ತಕದಲ್ಲಿ ಆಸ್ಮಾಸಿಸ್ ಎಂದು ಓದಿ ಮರೆಯುವುದನ್ನು ಈ ಜಾಡಿ ಕಣ್ಣೆದುರು ತೋರಿಸುತ್ತದೆ. ಸಕ್ಕರೆ ಸಿಪ್ಪೆಯ ಕೋಶಗಳೊಳಗಿನ ನೀರನ್ನು ಹೊರಗೆಳೆಯುತ್ತದೆ. ಬೂಷ್ಟು ಹಿಡಿಸುವ ಸೂಕ್ಷ್ಮಜೀವಿಗಳ ಮೈಯ ನೀರನ್ನೂ ಹಾಗೆಯೇ ಎಳೆಯುವುದರಿಂದ ಈ ರಸ ಕೆಡದೆ ಉಳಿಯುತ್ತದೆ. ಜಾಸ್ತಿಯಾಯಿತೆಂದು ಸಕ್ಕರೆಯನ್ನು ಅರ್ಧಕ್ಕಿಳಿಸಿದರೆ ಈ ಕಾವಲು ಮುರಿಯುತ್ತದೆ, ರಸ ನೊರೆಯೇಳುತ್ತದೆ. ಅಲ್ಯೂಮಿನಿಯಂ, ತಾಮ್ರದ ಪಾತ್ರೆಯಲ್ಲಿ ಇದನ್ನು ಇಡಲೇಬಾರದು. ಹುಳಿ ಲೋಹವನ್ನು ಕರಗಿಸುತ್ತದೆ.

ಅತಿಥಿಗಳ ಜೊತೆ ಬಂದ ಮಕ್ಕಳು ಬೇಸರ ಎಂದರೆ ಒಂದು ಆಟವಿದೆ. ಸಪ್ಪೆ ಪುನರ್ಪುಳಿ ನೀರನ್ನು ಮೂರು ಗಾಜಿನ ಲೋಟಗಳಿಗೆ ಹಾಕಿ. ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಅಡಿಗೆ ಸೋಡಾ ಸ್ವಲ್ಪ ಸ್ವಲ್ಪವಾಗಿ. ನಿಂಬೆಯ ಲೋಟ ಕೆಂಪಾಗಿಯೇ ಉಳಿಯುತ್ತದೆ, ಸೋಡಾದ ಲೋಟ ಕೆಂಪು ಕಳೆದುಕೊಂಡು ನೇರಳೆ-ನೀಲಿಯತ್ತ ತಿರುಗುತ್ತದೆ. ಅದಕ್ಕೇ ಮತ್ತೆ ನಿಂಬೆ ಹಿಂಡಿದರೆ ಕೆಂಪು ಮರಳುತ್ತದೆ. ಇದು ಆಂಥೋಸಯನಿನ್ ಎಂಬ ವರ್ಣದ್ರವ್ಯದ ಗುಣ. ಪ್ರಯೋಗಾಲಯದ ಲಿಟ್ಮಸ್ ಕಾಗದ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಸೋಡಾ ಹಾಕಿದ್ದನ್ನು ಮಾತ್ರ ಕುಡಿಯಲು ಕೊಡಬೇಡಿ, ರುಚಿ ಕೆಟ್ಟಿರುತ್ತದೆ.

ಇಲ್ಲಿ ಒಂದು ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಪೇಟೆಯ ಕೋಲಾದಲ್ಲಿ ನೂರು ಮಿಲಿಲೀಟರಿಗೆ ಸುಮಾರು ೧೦ರಿಂದ ೧೧ ಗ್ರಾಂ ಸಕ್ಕರೆ ಇರುತ್ತದೆ. ೨೫೦ ಮಿಲಿಲೀಟರಿನ ಲೋಟಕ್ಕೆ ಸುಮಾರು ೨೬ ಗ್ರಾಂ, ಅಂದರೆ ಐದಾರು ಚಮಚ. ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಹೇಳಿದ ಪ್ರಕಾರ, ಬೆರೆಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಹತ್ತನೆಯ ಒಂದು ಪಾಲನ್ನು ಮೀರಬಾರದು. ಅದರ ಅರ್ಧಕ್ಕೆ, ದೊಡ್ಡವರಿಗೆ ಸುಮಾರು ೨೫ ಗ್ರಾಂಗೆ, ಇಳಿಸಿದರೆ ಇನ್ನೂ ಒಳ್ಳೆಯದು. ಒಂದು ಲೋಟ ಕೋಲಾ ಅಷ್ಟನ್ನೂ ಮುಗಿಸುತ್ತದೆ. ಹಾಗೆಂದು ಮನೆಯವರು ಬೀಗುವಂತಿಲ್ಲ. ಮೇಲೆ ಹೇಳಿದ ಪುನರ್ಪುಳಿ ಪಾಕದಲ್ಲಿ ತೂಕದ ಮೂರನೇ ಎರಡು ಪಾಲು ಸಕ್ಕರೆಯೇ. ಎರಡು ದೊಡ್ಡ ಚಮಚ, ಅಂದರೆ ೩೦ ಮಿಲಿಲೀಟರು ಪಾಕ ಹಾಕಿದ ಲೋಟದಲ್ಲಿಯೂ ೨೫ ಗ್ರಾಂ ಸಕ್ಕರೆ ಬಂದೇ ಬರುತ್ತದೆ. ಮನೆಯಲ್ಲಿ ಮಾಡಿದ ಮಾತ್ರಕ್ಕೆ ಸಕ್ಕರೆ ಬೇರೆ ವಸ್ತುವಾಗುವುದಿಲ್ಲ. ಬೆಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ; ಅದರಲ್ಲಿಯೂ ಹೆಚ್ಚಿನ ಪಾಲು ಸುಕ್ರೋಸ್.

ಹಾಗಾದರೆ ದಾರಿ? ಒಣಗಿಸಿದ ಸಿಪ್ಪೆ. ಲೋಟಕ್ಕೆ ಮೂರು-ನಾಲ್ಕು ಸಿಪ್ಪೆಯಂತೆ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿ, ಉಪ್ಪು, ಜೀರಿಗೆ, ಗುದ್ದಿದ ಹಸಿಮೆಣಸು ಒಂದು ಚೂರು, ನೆಪಕ್ಕೆ ಅಡಿಕೆಯಷ್ಟು ಬೆಲ್ಲ. ಹುಳಿ-ಖಾರವಿದ್ದರೆ ನಾಲಿಗೆ ಸಿಹಿಯನ್ನು ಅಷ್ಟಾಗಿ ಕೇಳುವುದಿಲ್ಲ. ಸಕ್ಕರೆ ಕಾಯಿಲೆಯ ಹಿರಿಯರು ಬಂದ ದಿನ ಬೆಲ್ಲವನ್ನೂ ಬಿಟ್ಟು, ಒಗ್ಗರಣೆ ಕೊಟ್ಟರೆ ಅದೇ ಪುನರ್ಪುಳಿ ಸಾರು. ಕುಡಿಯಲೂ ಆಯಿತು, ಅನ್ನಕ್ಕೂ ಆಯಿತು.

ಗುಡ್ಡೆಯಲ್ಲಿ ಕೊಳೆಯುವ ಹಣ್ಣು

ಫೆಬ್ರವರಿಯಿಂದ ಮೇವರೆಗೆ ಬೈಂದೂರು, ಕುಂದಾಪುರದ ಗುಡ್ಡೆಗಳಲ್ಲಿ ನಡೆದರೆ ಕಾಲಡಿ ಗೇರುಹಣ್ಣು ಕೊಳೆತ ವಾಸನೆ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಬ್ರೆಜಿಲಿನಿಂದ ತಂದ ಈ ಗಿಡದ ಬೀಜಕ್ಕೆ ಕಾರ್ಖಾನೆಗಳಿವೆ, ಬೆಲೆಯಿದೆ. ಬೀಜಕ್ಕಿಂತ ಹಲವು ಪಟ್ಟು ಭಾರದ ಹಣ್ಣನ್ನು ತಿರುಚಿ ಎಸೆಯುತ್ತಾರೆ. ಕಿತ್ತಳೆಗಿಂತ ಎಷ್ಟೋ ಹೆಚ್ಚು ಸಿ ಜೀವಸತ್ವ ಇರುವ ಹಣ್ಣು ಇದು. ಎಸೆಯುವುದಕ್ಕೆ ಕಾರಣ ಗಂಟಲು ಕೆರೆತ. ಹಣ್ಣಿನ ಟ್ಯಾನಿನ್, ಬಾಯಿಯ ಎಂಜಲಿನ ಪ್ರೋಟೀನನ್ನು ಹಿಡಿದು ಗಟ್ಟಿಮಾಡುವುದರಿಂದ ನಾಲಿಗೆ ಒಗರಾಗುತ್ತದೆ.

ಈ ಟ್ಯಾನಿನನ್ನು ಮನೆಯಲ್ಲೇ ತೆಗೆಯಬಹುದು. ಒಂದು ಲೀಟರು ರಸಕ್ಕೆ ಐದು ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಸಾಬಕ್ಕಿ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಗಂಜಿ ಕಾಯಿಸಿ, ಪೂರ್ತಿ ತಣಿದ ಮೇಲೆ ರಸಕ್ಕೆ ಬೆರೆಸಿ ಚೆನ್ನಾಗಿ ಕದಡಿ ಫ್ರಿಜ್ಜಿನಲ್ಲಿ ಹನ್ನೆರಡು ಗಂಟೆ ಅಲುಗಿಸದೆ ಇಡಬೇಕು. ಟ್ಯಾನಿನ್ ಪಿಷ್ಟಕ್ಕೆ ಅಂಟಿಕೊಂಡು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ನಿಂಬೆ, ಶುಂಠಿ, ಉಪ್ಪು ಹಾಕಿ ಅಂದೇ ಕುಡಿದು ಮುಗಿಸಬೇಕು. ಹೊರಗಿಟ್ಟರೆ ಯೀಸ್ಟ್ ತನ್ನ ಕೆಲಸ ಶುರುಮಾಡುತ್ತದೆ. ಆ ಕೆಲಸವನ್ನೇ ಮುಂದುವರಿಸಿ ಭಟ್ಟಿ ಇಳಿಸಿದ ಗೋವೆಯವರ ಫೆನಿಗೆ ೨೦೦೯ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಬಂತು. ಇಲ್ಲಿನ ಗುಡ್ಡೆಯ ಹಣ್ಣು ಮಾತ್ರ ಇರುವೆಗಳ ಪಾಲು.

ಬಚ್ಚಂಗಾಯಿಯ ವಿಷಯ ಹಾಗಲ್ಲ. ಕಿರಿಮಂಜೇಶ್ವರ, ನಾಗೂರು, ನಾವುಂದ ಕಡೆಯ ಮರಳು ಮಿಶ್ರಿತ ಗದ್ದೆಗಳಲ್ಲಿ ಭತ್ತದ ಕೊಯ್ಲಿನ ನಂತರ ಬೆಳೆದ ಕಲ್ಲಂಗಡಿ ಹೆದ್ದಾರಿಯ ಬದಿಯಲ್ಲೇ ರಾಶಿ ಬೀಳುತ್ತದೆ. ಕೆಂಪು ತಿರುಳನ್ನು ಕಿವುಚಿ, ಸೋಸದೆ, ನಿಂಬೆ-ಉಪ್ಪು-ಕಾಳುಮೆಣಸು ಹಾಕಿದರೆ ಸಕ್ಕರೆಯ ಹಂಗಿಲ್ಲದ ಪಾನೀಯ. ಜಾಣ ಗೃಹಿಣಿಯ ಕಣ್ಣು ಇರುವುದು ಹಸಿರು ಸಿಪ್ಪೆಗೂ ಕೆಂಪಿಗೂ ನಡುವಿನ ಬಿಳಿ ಭಾಗದ ಮೇಲೆ. ಎರಡು ಲೋಟ ಬಿಳಿ ತಿರುಳಿಗೆ ಒಂದು ಲೋಟ ನೆನೆಸಿದ ಬೆಳ್ತಿಗೆ ಅಕ್ಕಿ ಸೇರಿಸಿ ನೀರು ಹಾಕದೆ ರುಬ್ಬಿ, ಉಪ್ಪು ಬೆರೆಸಿ ಮುಚ್ಚಳ ಮುಚ್ಚಿ ಬೇಯಿಸಿದರೆ ಹತ್ತಿಯಂತಹ ದೋಸೆ. ಹುಳಿ ಬರಿಸುವ ಅಗತ್ಯವೇ ಇಲ್ಲ. ಮಧ್ಯಾಹ್ನ ಹಣ್ಣು ತಿಂದ ನಂಟರಿಗೆ ಸಂಜೆ ಅದರದೇ ದೋಸೆ!

ಬೊಂಡದ ಬಗ್ಗೆ ಹೇಳಬೇಕಾದ್ದು ಕಡಿಮೆ. ಅದರಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಬೆವರಿದವರಿಗೆ ಚಿಟಿಕೆ ಉಪ್ಪು ಸೇರಿಸಿ ಕೊಡಬಹುದು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು. ರಾಗಿ ನೀರು ಮಕ್ಕಳಿರುವ ಮನೆಗೆ ಬಹಳ ಒಳ್ಳೆಯದು: ನೆನೆಸಿದ ರಾಗಿ ರುಬ್ಬಿ, ಹಾಲು ಹಿಂಡಿ ಸೋಸಿ, ಸ್ವಲ್ಪ ಬೆಲ್ಲ, ಏಲಕ್ಕಿ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶ ಇದೆ, ಸೋಸಿದಾಗ ಒಂದಷ್ಟು ಚರಟದ ಜೊತೆ ಹೋಗುತ್ತದೆ. ಆ ಚರಟವನ್ನು ದೋಸೆ ಹಿಟ್ಟಿಗೆ ಸೇರಿಸಿದರಾಯಿತು.

ತಂಪು ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ಮದುವೆ, ಉಪನಯನ, ಜಾತ್ರೆಯ ದಿನ ಶರಬತ್ತಿನ ಡ್ರಮ್ಮಿಗೆ ಬೀಳುವ ದೊಡ್ಡ ಮಂಜುಗಡ್ಡೆ ಎಲ್ಲಿಯದು? ಬಂದರು ಇರುವ ಊರುಗಳಲ್ಲಿ ಮೀನು ಕೆಡದಂತೆ ಇಡಲೆಂದೇ ಮಾಡಿದ ಮಂಜುಗಡ್ಡೆ ಸುಲಭವಾಗಿ ಸಿಗುತ್ತದೆ. ಅದನ್ನು ಕುಡಿಯುವ ನೀರಿನಿಂದಲೇ ಮಾಡಿರಬೇಕೆಂದಿಲ್ಲ. ತಿನ್ನಲು ಯೋಗ್ಯವಲ್ಲದ ಇಂತಹ ಮಂಜುಗಡ್ಡೆಗೆ ನೀಲಿ ಬಣ್ಣ ಬೆರೆಸಬೇಕೆಂದು ಭಾರತೀಯ ಆಹಾರ ಸುರಕ್ಷಾ ಪ್ರಾಧಿಕಾರ ೨೦೧೮ರಲ್ಲಿ ಸೂಚಿಸಿತು. ನೀಲಿ ಕಂಡರೆ ಶರಬತ್ತಿಗೆ ಬೇಡ. ಬಿಳಿ ಇದ್ದ ಮಾತ್ರಕ್ಕೆ ನಂಬಿಬಿಡುವುದೂ ಬೇಡ. ಮಂಜುಗಡ್ಡೆಯ ತಣ್ಪಿಗೆ ಕಾಮಾಲೆಯ ವೈರಾಣು ಸಾಯುವುದಿಲ್ಲ, ಸುಖವಾಗಿ ನಿದ್ದೆ ಮಾಡುತ್ತದೆ. ಕುದಿಸಿ ಆರಿಸಿದ ನೀರನ್ನು ಸ್ಟೀಲ್ ಕ್ಯಾನುಗಳಲ್ಲಿ ತುಂಬಿ, ಆ ಕ್ಯಾನನ್ನು ಹೊರಗಿನಿಂದ ಮಂಜುಗಡ್ಡೆಯಲ್ಲಿ ಹೂತಿಟ್ಟರೆ ನೀರೂ ತಣ್ಣಗಾಗುತ್ತದೆ, ಭಯವೂ ಇಲ್ಲ. ಏಪ್ರಿಲ್ ಕಳೆದ ಮೇಲೆ ಹೊಳೆಬಾಗಿಲಿನ ಹತ್ತಿರದ ಬಾವಿಗಳ ನೀರು ಉಪ್ಪಾಗುತ್ತದಲ್ಲ, ಅಂತಹ ಮನೆಗಳಲ್ಲಿ ಶರಬತ್ತಿಗೆ ಮತ್ತೆ ಉಪ್ಪು ಹಾಕುವ ಮೊದಲು ನಾಲಿಗೆಗೆ ಕೇಳಿ.

ಅಡಿಗೆಮನೆಯಲ್ಲಿ ಯಾರಿರಬೇಕು?

ನಂಟರು ಬಂದ ಮನೆಯಲ್ಲಿ ಎಲ್ಲರಿಗೂ ರಜೆ, ಒಬ್ಬರಿಗೆ ಬಿಟ್ಟು. ಆ ಒಬ್ಬರು ಯಾರೆಂದು ಹೇಳಬೇಕಾಗಿಲ್ಲ. ಹತ್ತು ಜನ ಬಂದರೆ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಒಲೆಯ ಮುಂದೆ ನಿಲ್ಲುವ ತಾಯಿಗೆ ಬಂದವರ ಜೊತೆ ಹತ್ತು ಮಾತು ಆಡಲೂ ಪುರುಸೊತ್ತಿರುವುದಿಲ್ಲ. ಸುಲಭದ ಅಡಿಗೆ ಎಂದರೆ ಪೊಟ್ಟಣದ ಅಡಿಗೆಯಲ್ಲ. ಒಲೆಯ ಮುಂದೆ ಕಳೆಯುವ ಹೊತ್ತನ್ನು ಕಡಿಮೆ ಮಾಡುವ ಅಡಿಗೆ. ಅಂತಹದು ಈ ಸೀಮೆಯಲ್ಲಿ ಧಾರಾಳವಾಗಿದೆ.

ಮೊದಲು ನೀರ್ ದೋಸೆ. ಉದ್ದು ಬೇಡ, ಹುಳಿ ಬರುವ ತನಕ ಕಾಯಬೇಕಾಗಿಲ್ಲ. ಹತ್ತು ಮಂದಿಗೆ ಐದು ಲೋಟ ಬೆಳ್ತಿಗೆ ಅಕ್ಕಿ ನಾಲ್ಕು ಗಂಟೆ ನೆನೆಸಿ, ನುಣ್ಣಗೆ ರುಬ್ಬಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ, ಉಪ್ಪು ಹಾಕಿದರೆ ಹಿಟ್ಟು ಸಿದ್ಧ. ಕಾವಲಿ ಚುರ್ ಎನ್ನುವಷ್ಟು ಕಾದಿರಬೇಕು. ಆಗ ನೀರು ಒಮ್ಮೆಗೇ ಆವಿಯಾಗಿ ಮೇಲೇಳುವುದರಿಂದ ಬಲೆಯಂತಹ ತೂತುಗಳು ಬೀಳುತ್ತವೆ. ಪಿಷ್ಟದ ಕಣಗಳು ನೀರಿನಲ್ಲಿ ಕರಗುವುದಿಲ್ಲ, ತಳಕ್ಕೆ ಕೂರುತ್ತವೆ. ಆದ್ದರಿಂದ ಪ್ರತಿ ದೋಸೆಗೂ ಹಿಟ್ಟು ಕದಡಬೇಕು. ಕದಡದೆ ಹೊಯ್ದವರ ಮೊದಲ ದೋಸೆ ಕಾಗದ, ಕೊನೆಯ ದೋಸೆ ರೊಟ್ಟಿ. ಜೊತೆಗೆ ಬೆಲ್ಲ ಕಲಸಿದ ಕಾಯಿತುರಿ, ಮಾವಿನ ಹಣ್ಣಿನ ರಸಾಯನ, ತಿನ್ನುವವರಿಗೆ ಕೋಳಿ ಸಾರು. (ಕುಂದಾಪುರದ ಹೆಸರನ್ನು ದೂರಕ್ಕೊಯ್ದ ಕೋಳಿ ತುಪ್ಪದ ಹುರುಕಲು, ಅಂದರೆ ಘೀ ರೋಸ್ಟ್, ಅಲ್ಲಿನ ಶೆಟ್ಟಿ ಲಂಚ್ ಹೋಮಿನ ಕೊಡುಗೆ. ಆದರೆ ಅದು ಸುಲಭದ ಅಡಿಗೆಯ ಪಟ್ಟಿಗೆ ಸೇರದು, ಹೋಟೆಲಿಗೇ ಬಿಡುವುದು ಲೇಸು.)

ಮಧ್ಯಾಹ್ನಕ್ಕೆ ತಂಬುಳಿ. ಗದ್ದೆಯಂಚಿನ ಒಂದೆಲಗ ಒಂದು ಹಿಡಿ, ತುಪ್ಪದಲ್ಲಿ ಹುರಿದ ಜೀರಿಗೆ-ಕಾಳುಮೆಣಸು, ಕಾಯಿತುರಿ ರುಬ್ಬಿ ಮಜ್ಜಿಗೆಗೆ ಬೆರೆಸಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಕುದಿಸುವ ಕೆಲಸವೇ ಇಲ್ಲ. ಕುದಿಸದ ಪದಾರ್ಥವಾದ್ದರಿಂದ ಎಲೆಯನ್ನು ಮೂರು ನೀರಿನಲ್ಲಿ ತೊಳೆಯಬೇಕು, ಮಾಡಿದ ಎರಡು-ಮೂರು ಗಂಟೆಯೊಳಗೆ ಬಡಿಸಬೇಕು. ಇದಕ್ಕೊಂದು ಕೋಸಂಬರಿ ಸೇರಿಸಿ. ಸಂಜೆಗೆ ತೆಳು ಅವಲಕ್ಕಿ, ಕಾಯಿತುರಿ, ಚೂರು ಬೆಲ್ಲ, ಮೆಣಸಿನ ಒಗ್ಗರಣೆ, ಐದೇ ನಿಮಿಷ. ಕೊಟ್ಟೆ ಕಡುಬು, ಪತ್ರೊಡೆಗಳ ರುಚಿ ದೊಡ್ಡದು, ಕೆಲಸವೂ ದೊಡ್ಡದು. ನಾಲ್ಕು ಕೈ ಸೇರಿದ ದಿನಕ್ಕೆ ಅವನ್ನು ಇಟ್ಟುಕೊಳ್ಳಬೇಕು.

ಹಿಂದಿನ ರಾತ್ರಿ ಅಕ್ಕಿ, ಪುನರ್ಪುಳಿ ನೆನೆಹಾಕುವುದು ಏಳನೆಯ ತರಗತಿಯ ಹುಡುಗನಿಗೆ ಆಗದ ಕೆಲಸವೇನಲ್ಲ. ನಿಂಬೆ ಹಿಂಡುವುದು, ಕಾಯಿ ತುರಿಯುವುದು, ಲೋಟ ತೊಳೆದಿಡುವುದು ಮಕ್ಕಳಿಗೆ. ದೋಸೆ ಹೊಯ್ಯುವುದು ಗಂಡಸರಿಗೂ ಬರುತ್ತದೆ. ದೇಶದ ಊರೂರುಗಳ ಉಡುಪಿ ಹೋಟೆಲುಗಳಲ್ಲಿ ಕಾವಲಿಯ ಮುಂದೆ ನಿಂತವರು ಈ ಸೀಮೆಯ ಗಂಡಸರೇ ತಾನೇ? ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲೇ ಮುಂದೆ ಎಂಟಿಆರ್ ಆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಅಲ್ಲಿ ರವೆಯಿಂದ ಇಡ್ಲಿ ಮಾಡಿ ನೋಡಿದರು. ಆ ರವೆ ಇಡ್ಲಿ ಇಂದು ನಂಟರು ಹೇಳದೆ ಬಂದಾಗ ಮನೆಮನೆಯ ಮಾನ ಉಳಿಸುತ್ತಿದೆ. ಪಾರಂಪಳ್ಳಿ ಈಗ ೨೦೧೮ರಲ್ಲಿ ಕಾರ್ಯಾರಂಭ ಮಾಡಿದ ಬ್ರಹ್ಮಾವರ ತಾಲೂಕಿಗೆ ಸೇರಿದೆ.

ಮಳೆ ಹಿಡಿದ ಮೇಲೆ

ಜೂನ್ ಬಂತೆಂದರೆ ಆಸ್ರಿಯ ಸ್ವರೂಪವೇ ಬದಲು. ಹುರಿದ ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸಿನ ಪುಡಿಯ ಬಿಸಿ ಕಷಾಯಕ್ಕೆ ಹಾಲು-ಬೆಲ್ಲ ಸೇರಿಸಿ ಕೊಟ್ಟರೆ ಕಾಫಿಯ ನೆನಪಾಗದು. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನಿನ ಚಟ್ನಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಆಗ ಹೊರಬರುತ್ತವೆ.

ಈ ಕಾಲದ ಒಂದು ಪಾನೀಯದ ಬಗ್ಗೆ ಹೆತ್ತವರು ಎಚ್ಚರವಹಿಸಬೇಕು. ಆಸಾಡಿ ಅಮಾವಾಸ್ಯೆಯ ಬೆಳಗಿನ ಜಾವ ಹಾಲೆ ಮರದ ತೊಗಟೆ ತಂದು, ಜಜ್ಜಿ ರಸ ತೆಗೆದು, ಬೆಳ್ಳುಳ್ಳಿ, ಓಮ, ಕಾಳುಮೆಣಸು ಸೇರಿಸಿ ಮನೆಮಂದಿ ಕುಡಿಯುವ ರೂಢಿ ಇಲ್ಲಿದೆ. ಬೆಳಕು ಹರಿಯುವ ಮೊದಲೇ ತರಬೇಕೆಂಬ ನಿಯಮವಿರುವುದರಿಂದ ಕತ್ತಲೆಯಲ್ಲಿ ಮರ ತಪ್ಪುವ ಅಪಾಯ ದೊಡ್ಡದು. ಅದೇ ಕಾಡಿನಲ್ಲಿ ಕಾಸರಕವೂ ಬೆಳೆಯುತ್ತದೆ. ಅದರ ಬೀಜ, ತೊಗಟೆಯಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ಘೋರ ವಿಷಗಳಿವೆ. ಹಾಲೆ ಮರದ ಗುರುತು ಸುಲಭ: ಒಂದೇ ಗಂಟಿನ ಸುತ್ತ ಐದರಿಂದ ಏಳು ಎಲೆಗಳು ಚಕ್ರದಂತೆ ಹರಡಿರುತ್ತವೆ (ಸಪ್ತಪರ್ಣಿ ಎಂಬ ಹೆಸರು ಬಂದದ್ದು ಹಾಗೆಯೇ), ಗೀರಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರು ಎರಡೆರಡೇ ಇರುತ್ತವೆ, ಹಾಲು ಬರುವುದಿಲ್ಲ. ಹಿಂದಿನ ದಿನ ಹಗಲಿನಲ್ಲಿಯೇ ಮರ ಬಲ್ಲ ಹಿರಿಯರೊಬ್ಬರನ್ನು ಕರೆದೊಯ್ದು, ಎಲೆ ನೋಡಿ, ಕಾಂಡಕ್ಕೆ ಬಟ್ಟೆ ಕಟ್ಟಿ ಗುರುತು ಮಾಡಿ ಬಂದರೆ ನಿಯಮವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಯಾರೋ ತಂದುಕೊಟ್ಟ ತೊಗಟೆಯಾದರೆ ಬೇಡವೇ ಬೇಡ. ಸಣ್ಣ ಮಕ್ಕಳಿಗೆ, ಬಸುರಿಯರಿಗೆ, ದಿನನಿತ್ಯ ಔಷಧ ತೆಗೆದುಕೊಳ್ಳುವವರಿಗೆ ಈ ಕಷಾಯ ಕೊಡದಿರುವುದೇ ಸರಿ. ಅವರೆಲ್ಲರಿಗೆ ಅಂದಿನ ದಿನದ ಇನ್ನೊಂದು ಪದಾರ್ಥವಿದೆಯಲ್ಲ, ಕಾಯಿಹಾಲು, ಬೆಲ್ಲ ಹಾಕಿ ಮಾಡಿದ ಮೆಂತೆ ಗಂಜಿ. ಮೆಂತೆಯನ್ನು ಹಿಂದಿನ ರಾತ್ರಿಯೇ ನೆನೆಸಿಟ್ಟರೆ ಬೆಳಿಗ್ಗೆ ಬೇಗ ಬೇಯುತ್ತದೆ, ಕಹಿಯೂ ಕಡಿಮೆ.